ಕಂದು

ಹೆಸರು ನಮಗೆ ಬರುವುದಿಲ್ಲ.
ನಂಬರು ಬರುತ್ತದೆ, ಮೇಣದ ಬಿಲ್ಲೆಯ ಅಂಚಿಗೆ
ಪೆನ್ಸಿಲ್ಲಿನಲ್ಲಿ ಬರೆದದ್ದು: ೧೧೪೭.
ಮಿದುಳು, ಬಲ ಮಗ್ಗುಲು, ಗಂಡಸು, ನಲವತ್ತಾರು.
ಮೂರು ಮೈಕ್ರಾನಿನ ಎಳೆ ಕೊಯ್ದು
ಬೆಚ್ಚಗಿನ ನೀರಿನ ಮೇಲೆ ತೇಲಿಬಿಡುತ್ತೇನೆ,
ಹಾಲಿನ ಕೆನೆಯಂತೆ ಸುಕ್ಕು ಬಿಡಿಸಿಕೊಂಡು ಹರಡುತ್ತದೆ.
ಗಾಜಿನ ಮೇಲೆ ಎತ್ತಿಕೊಳ್ಳಬೇಕು, ಉಸಿರು ಬಿಗಿಹಿಡಿದು.
ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು.

ಈ ಸಲ ಡಾಕ್ಟರು ಹಳೆಯ ಬಿಲ್ಲೆಯನ್ನೇ
ಡ್ರಾಯರಿನಿಂದ ತೆಗೆಸಿದರು:
ಯಾಕೆ ಕರಗಲಿಲ್ಲ, ನೋಡೋಣ.
ಗಾಳಿ ಸಿಗದೆ ಬದುಕುವುದನ್ನು ಕಲಿತ ಕೋಶ
ತನ್ನ ಪೊರೆಗೆ ಒಂದು ಗುರುತು ಹಚ್ಚಿಕೊಳ್ಳುತ್ತದಂತೆ.
ಆ ಗುರುತನ್ನೇ ಹುಡುಕಿ ಅಂಟಿಕೊಳ್ಳುವ ಔಷಧ
ಸಣ್ಣ ಸೀಸೆಯಲ್ಲಿ, ಐಸಿನೊಳಗೆ ಕೂತು ಬಂತು,
ನನ್ನ ಎರಡು ತಿಂಗಳ ಸಂಬಳದ ಬೆಲೆಯದು.
ತೊಟ್ಟು ಬಿಟ್ಟು ಒಂದು ತಾಸು ಕಾದೆ.
ತೊಳೆದು ಬಣ್ಣದ ನೀರು ಹಾಕಿದ ಎಂಟನೆಯ ನಿಮಿಷಕ್ಕೆ
ಕಂದು ಏರತೊಡಗಿತು,
ಖಡಕ್ ಚಹಾ ಬಿಳಿ ಬಟ್ಟೆಗೆ ಇಳಿದಂತೆ.

ನಡುವೆ ಸತ್ತ ಬಯಲು.
ಅದರ ಸುತ್ತ ಒತ್ತೊತ್ತಾಗಿ ನಿಂತಿವೆ,
ಎಂಟು ದಿನಕ್ಕೊಮ್ಮೆ ನೀರು ಬಿಡುವ ನಲ್ಲಿಯ ಮುಂದೆ
ನಮ್ಮ ಓಣಿಯ ಕೊಡಗಳು ನಿಂತ ಹಾಗೆ.
ಒಂದೂ ಪಾಳಿ ಬಿಟ್ಟಿಲ್ಲ.
ಅಷ್ಟೂ ಕಂದು.

ಹೆಸರು ಸಿಕ್ಕಿದ್ದು ದಾವಣಗೆರೆಯ ಭಟ್ಟಿ ಸಾಲಿನಲ್ಲಿ.
ಸಂಜೆ ಎರಡು ಸೇರು ಮಂಡಕ್ಕಿಗೆಂದು ಹೋದರೆ
ಒಲೆಯ ಬಾಯಿಗೆ ಹೊಟ್ಟು ಎರಚುವ ಜಾಗದಲ್ಲಿ
ಅಲ್ಲಾಬಕ್ಷಿ ಇಲ್ಲ, ಅವನ ಹೆಂಡತಿ ಜೈತುಂಬಿ.
“ತಲಿಯಾಗ ಗಂಟು ಆಗೇತ್ರಿ ಅಕ್ಕಾ.
ಮೂವತ್ತು ಕರೆಂಟು ಕೊಟ್ರು.
ಬಿಸಿನೀರಾಗ ಜಾಳಿಗಿ ಮೆತ್ತಗ ಮಾಡಿ
ಮುಖಕ್ಕ ಒತ್ತಿ ಟೇಬಲ್ಲಿಗೆ ಬಿಗಿತಿದ್ರು.
ಅಂಚಿಂದು ಕರಗೇತಂತ. ನಡುವಿಂದು ಹಂಗ ಐತಂತ.”
ಬಲ ಮಗ್ಗುಲೇ? ಕೇಳಿಬಿಟ್ಟೆ.
ಅವಳ ಕೈಯ ಮೊರ ಅಲ್ಲೇ ನಿಂತಿತು.

ಒಳಗಿನಿಂದ ಅವನೇ ಬಂದ, ಗೋಡೆ ಹಿಡಿದು,
ಎಡಗೈ ಯಾರದೋ ಸಾಮಾನಿನಂತೆ ಜೋತು,
ಕಿವಿಯ ಮೇಲೆ ಅಂಗೈಯಗಲ ಕೂದಲಿಲ್ಲ.
ನಾನು ಹೇಳಹೊರಟೆ, ಹೇಳಬಾರದಿತ್ತು:
ಕಿರಣ ಬೀಳುತ್ತದೆ, ಗಾಯ ಆಗುತ್ತದೆ,
ಆದರೆ ಗಾಯ ಗಾಯವಾಗಿಯೇ ಉಳಿಯಬೇಕಾದರೆ
ಅಲ್ಲಿ ಪ್ರಾಣವಾಯು ಇರಬೇಕು.
ಉಸಿರಿಲ್ಲದ ಕಡೆ ಗಾಯವೂ ಮಾಯುತ್ತದೆ.

ಅವನು ನಕ್ಕ. “ಇದಕ್ಯಾಕ ಅಷ್ಟು ಓದಬೇಕಿತ್ತು ಅಕ್ಕಾ,
ಹೊಟ್ಟಿನ ರಾಶಿ ನೋಡು.
ಮ್ಯಾಲೆ ಬೂದಿ. ಕೋಲು ಹಾಕಿ ಕೆದಕಿದ್ರ
ಒಳಗ ಹಸೇದು, ಹೆಂಗ ಸುರುವಿದ್ನೋ ಹಂಗ.
ಬೆಂಕಿದೇನು ತಪ್ಪು? ಗಾಳಿ ಹೊಕ್ಕಿಲ್ಲ.
ಮೂವತ್ತಲ್ಲ, ಮುನ್ನೂರು ಕೊಡ್ಲಿ.”
ಆಮೇಲೆ ಬ್ಲೋವರಿನ ಕಡೆ ಗದ್ದ ತೋರಿಸಿ,
“ತಲಿಗೆ ಇಂಥಾದ್ದೊಂದು ಇಲ್ಲೇನು?”

ಹುಡುಕುತ್ತಿದ್ದಾರೆ, ಅಂದೆ.
“ಹುಡುಕ್ಲಿ,” ಅಂದ, ಸಾಲ ಕೊಟ್ಟವನ ಹಾಗೆ,
ಮತ್ತೆ ಹೆಂಡತಿಗೆ, “ಉಪ್ಪು ಹೆಚ್ಚಾಗೇತಿ ಇವತ್ತು.”

ಜೈತುಂಬಿ ಕಾದ ಮರಳಿಗೆ ಅಕ್ಕಿ ಸುರಿದಳು.
ಒಂದು ಕ್ಷಣ ಏನೂ ಇಲ್ಲ.
ಆಮೇಲೆ ಇಡೀ ಬಾಣಲೆ ಬೆಳ್ಳಗೆ ಎದ್ದು ನಿಂತಿತು.
ಜರಡಿಗೆ ಎತ್ತಿ ಆಡಿಸಿದಳು, ಮರಳು ಉದುರಿತು,
ಕೊನೆಗೆ ತಳದಲ್ಲಿ ನಾಲ್ಕು, ಐದು,
ಅರಳದ ಕಾಳು.
ಅವನ್ನು ಬೆರಳಲ್ಲಿ ಆರಿಸಿ ಡಬ್ಬಿಗೆ ಹಾಕಿದಳು.
ಕೋಳಿಗೇನು ಎಂದು ನಾನು ಕೇಳಲಿಲ್ಲ.
ದುಡ್ಡು ಕೊಡಹೋದರೆ ತಗೊಳ್ಳಲಿಲ್ಲ.

ಬೆಳಗ್ಗೆ ಮೈಕ್ರೋಸ್ಕೋಪಿನಡಿ ಮತ್ತೆ ಎಣಿಸಿದೆ.
ನೂರಕ್ಕೆ ನಲವತ್ತು. ರಿಪೋರ್ಟಿನಲ್ಲಿ ಅಷ್ಟೇ ಬರೆಯಬೇಕು.
ಬರೆದೆ.
ಹೆಸರಿನ ಜಾಗ ನಮ್ಮ ಹಾಳೆಯಲ್ಲಿ ಇಲ್ಲ.
ಗಾಜಿನ ಮೇಲೆ ನನ್ನದೇ ಬೆರಳಿನ ಜಿಡ್ಡಿತ್ತು.
ಒರೆಸಲೆಂದು, ರೂಢಿಯಂತೆ,
ಬಾಯಿ ಹತ್ತಿರ ಹಿಡಿದು ಹಾ ಎಂದು ಊದಿದೆ.
ಮಂಜು ಕವಿಯಿತು ೧೧೪೭ರ ಮೇಲೆ,
ಅಂಚಿನಿಂದ ಆರುತ್ತ ಬಂತು,
ನಡುವಿನದು ಕೊನೆಗೆ.